ಮೋಡ ಕಟ್ಟದ ಎರಡು ದಿನ

ಎಸಿ ಮೆಕ್ಯಾನಿಕ್ ಒಂಬತ್ತಕ್ಕೆ ಬರುತ್ತೇನೆ ಎಂದಿದ್ದ. ಹತ್ತೂಕಾಲಾದರೂ ಅವನ ಸುಳಿವಿಲ್ಲ. ಹೋದ ವಾರವೂ ಇದೇ ಕಥೆ, ಅದರ ಹಿಂದಿನ ವಾರವೂ ಇದೇ. ಛಾವಣಿಯ ಗಾಳಿಕೊಳವೆ ಡಕ್ಟ್‌ನಿಂದ ತೊಟ್ಟಿಕ್ಕುವ ನೀರಿಗೆಂದು ಇಟ್ಟ ಬಕೆಟ್ ತುಂಬಿ ತುಳುಕುತ್ತಿತ್ತು. ಹನ್ನೊಂದಕ್ಕೆ ಎಪ್ಪತ್ತು ಮಕ್ಕಳ ಶಾಲೆಯೊಂದು ಬರುವುದಿತ್ತು. ಹಾಗಾಗಿ, ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟವನೊಬ್ಬ ಬಾಗಿಲಲ್ಲಿ ನಿಂತು ಮೋಡದ ಕೋಣೆ ಇದೇನಾ ಎಂದು ಮೆಲ್ಲಗೆ ಕೇಳಿದಾಗ, ಆ ಕೋಣೆ ನೋಡಿಕೊಳ್ಳುವ ಅವಳು ಅವನ ಮುಖವನ್ನೂ ಸರಿಯಾಗಿ ನೋಡದೆ ಏಣಿಯನ್ನು ಅವನತ್ತ ತಳ್ಳಿದಳು.

"ಬಂದ್ರಲ್ಲ, ದೊಡ್ಡ ಉಪಕಾರ ಆಯ್ತು. ಹತ್ತಿ ಮೇಲೆ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಮೇಲೆ ಹೋಯಿತು. ಡಕ್ಟ್‌ನ ಬಾಯಿಗೆ ಸಿಕ್ಕಿಸಿದ್ದ, ಎಷ್ಟೋ ವರ್ಷಗಳಿಂದ ಯಾರೂ ತೊಳೆಯದ ಫಿಲ್ಟರ್ ಕಂಡಿತು. ಹತ್ತಿರದವರಿಗೆ ಕಾಯಿಲೆ ಎಂದು ಕೇಳಿದವನಂತೆ ಅವನ ಮುಖ ಬಾಡಿತು. ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಏಣಿಯ ಬಳಿ ಬಂದ.

ಹತ್ತುವ ಮುಂಚೆ ಜೇಬಿನಿಂದ ಕರ್ಚೀಫು ತೆಗೆದು ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಒರೆಸಿದ. ಸ್ಕ್ರೂಡ್ರೈವರ್ ಕೊಟ್ಟರೆ ಅದನ್ನೂ ಒರೆಸಿದ. ಒಂದು ಸ್ಕ್ರೂ ಬಿಚ್ಚಿ, ಒರೆಸಿ, ಜೇಬಿಗೆ ಹಾಕಿಕೊಂಡ. ಮೂರನೆಯ ಸ್ಕ್ರೂವಿನ ಹೊತ್ತಿಗೆ ಅವಳ ತಾಳ್ಮೆ ಮುಗಿದಿತ್ತು. ಮನೆಯಲ್ಲಿ ಪಾತ್ರೆ ಒರೆಸುವುದೂ ನಿಮ್ಮದೇ ಕೆಲಸವೋ ಎಂದು ಕೇಳಿದಳು. ಹೌದು ಎಂದ, ಗಂಭೀರವಾಗಿ. ಅವಳು ಹಲ್ಲು ಕಡಿದು, ಮನಸ್ಸಿನಲ್ಲೇ ಅವನಿಗೆ ಒರೆಸಪ್ಪ ಎಂದು ಹೆಸರಿಟ್ಟಳು.

ಅದು ಮಕ್ಕಳ ವಿಜ್ಞಾನ ಮ್ಯೂಸಿಯಮ್ಮಿನ ಎರಡನೇ ಮಹಡಿ. ಕೋಣೆಯ ನಡುವೆ ದೊಡ್ಡದೊಂದು ಗಾಜಿನ ಪೆಟ್ಟಿಗೆ, ಒಳಗೆ ನಾಲ್ಕು ಜನ ಆರಾಮಾಗಿ ನಿಲ್ಲಬಹುದು. ಷೋಗಳ ನಡುವೆ ಮೇಲಿನ ಡಕ್ಟ್ ಆ ಪೆಟ್ಟಿಗೆಯ ಗಾಳಿಯನ್ನೇ ಸುತ್ತಿಸಿ ತಂಪಾಗಿಸುತ್ತಿತ್ತು, ಅದರ ಇನ್ನೊಂದು ಬಾಯಿ ಅವಳು ನಿಲ್ಲುವ ಕಡೆಗಿತ್ತು. ಅದರೊಳಗೆ ದಿನಕ್ಕೆ ನಾಲ್ಕು ಸಲ ಮೋಡ ಕಟ್ಟಿಸುವುದು ಅವಳ ಕೆಲಸ. ಮಕ್ಕಳು ಅವಳನ್ನು ಮೋಡದಕ್ಕ ಎನ್ನುತ್ತಿದ್ದರು. ಕೇಳಿ ಕೇಳಿ ಗೇಟಿನ ಕಾವಲಿನವನೂ ಹಾಗೇ ಕರೆಯತೊಡಗಿದ್ದ. ಸಂಬಂಧಿಕರೋ, ನಾಳೆ ಬಟ್ಟೆ ಒಗೆಯಬಹುದಾ, ಮಳೆ ಬರುತ್ತಾ ಎಂದು ಅವಳಿಗೇ ಫೋನ್ ಮಾಡುತ್ತಿದ್ದರು. ಕಿಟಕಿಯಿಂದ ನೋಡಿಕೊಳ್ಳಿ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಆ ವಾರ ಮಾತ್ರ ತಲೆನೋವು ಬೇರೆಯದು. ಮ್ಯೂಸಿಯಮ್ಮಿನ ನಿರ್ದೇಶಕರ ಕಣ್ಣು ಆ ಜಾಗದ ಮೇಲೆ ಬಿದ್ದಿತ್ತು. ಮೋಡವನ್ನು ಮಕ್ಕಳು ಫೋನಿನಲ್ಲೇ ನೋಡುತ್ತಾರೆ, ಇಲ್ಲೊಂದು ಗೊಂಬೆ ಅಂಗಡಿ ಹಾಕಿದರೆ ಹೇಗೆ ಎಂದು ಅವರ ಯೋಚನೆ. ಶುಕ್ರವಾರ ಹನ್ನೊಂದಕ್ಕೆ ಸಮಿತಿಯವರು ಬರುತ್ತಾರೆ, ಮೋಡ ಕಟ್ಟಿದರೆ ಕೋಣೆ ಉಳಿಯುತ್ತದೆ, ಕಟ್ಟದಿದ್ದರೆ ಗಾಜು ಗುಜರಿಗೆ, ನೀವು ಟಿಕೆಟ್ ಕೌಂಟರಿಗೆ ಎಂದು ನಗುನಗುತ್ತಲೇ ಹೇಳಿದ್ದರು. ಆರು ವರ್ಷ ಕೈಯಾರೆ ಸಾಕಿದ ಯಂತ್ರ. ಅದು ಹೋದರೆ ಅವಳದು ಎನ್ನುವಂಥದ್ದು ಈ ಊರಲ್ಲಿ ಬೇರೇನೂ ಇರಲಿಲ್ಲ.

ಹನ್ನೊಂದಕ್ಕೆ ಎಪ್ಪತ್ತು ಮಕ್ಕಳು ಬಂದರು. ಒರೆಸಪ್ಪ ಏಣಿಯ ಮೇಲೇ ಉಳಿದ. ಅವಳು ಎಂದಿನಂತೆ ಶುರು ಮಾಡಿದಳು.

"ಗಾಳಿಯಲ್ಲಿ ನೀರಿದೆ, ಕಣ್ಣಿಗೆ ಕಾಣಲ್ಲ ಅಷ್ಟೆ. ಗಾಳಿ ಮೇಲೆ ಮೇಲೆ ಹೋದಂಗೆ ಹಿಗ್ಗುತ್ತೆ, ಹಿಗ್ಗಿದ್ರೆ ತಣ್ಣಗಾಗುತ್ತೆ. ತಣ್ಣಗಾದ್ಮೇಲೆ ಅಷ್ಟು ನೀರು ಹೊತ್ಕೊಳ್ಳೋಕೆ ಅದಕ್ಕಾಗಲ್ಲ. ಆಗ ಆ ಆವಿ ಹನಿ ಆಗ್ಬೇಕು. ಆದ್ರೆ ಹನಿ ಸುಮ್ನೆ ಹುಟ್ಟಲ್ಲ ಮಕ್ಕಳೇ, ಅದಕ್ಕೆ ಕೂತ್ಕೊಳ್ಳೋಕೆ ಒಂದು ಜಾಗ ಬೇಕು. ಒಂದು ಕಣ ಧೂಳೋ, ಹೊಗೆಯೋ, ಸಮುದ್ರದ ಉಪ್ಪೋ. ಅಂಥ ಕೋಟಿ ಕೋಟಿ ಹನಿ ಆಕಾಶದಲ್ಲಿ ಸೇರಿದ್ರೆ ಮೋಡ. ಅದೇ ನೆಲದ ಮೇಲೆ ಸೇರಿದ್ರೆ ಮಂಜು."

ಪಂಪ್ ಗುರುಗುಟ್ಟಿ ಪೆಟ್ಟಿಗೆಯೊಳಗಿನ ಒದ್ದೆ ಗಾಳಿಯನ್ನು ಒತ್ತಿತು. ಅವಳು ವಾಲ್ವ್ ಎಳೆದಳು. ಗಾಳಿ ಬುಸ್ಸೆಂದು ಹಿಗ್ಗಿತು, ಏನೂ ಇಲ್ಲದ ಕಡೆ ಒಂದು ಬೆಳ್ಳನೆಯ ಮೋಡ ಎದ್ದು ಗಾಜಿನ ತುಂಬ ಹರಡಿತು. ಮಕ್ಕಳು ಓ ಎಂದರು. ಅವಳು ಅಭ್ಯಾಸದಂತೆ ಮಕ್ಕಳ ಮುಖ ನೋಡುತ್ತ ಹೋದವಳು ಏಣಿಯ ಮೇಲಿನ ಮುಖವನ್ನೂ ನೋಡಿದಳು. ಅವನು ಮೋಡ ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ, ಸಿಕ್ಕಿಬಿದ್ದ ಕೂಡಲೇ ಡಕ್ಟ್ ನೋಡಿದ. ಕೆನ್ನೆ ಕೆಂಪಾಗಿತ್ತು, ಮೂಗಿನ ತುದಿಯಲ್ಲಿ ಮಸಿ ಇತ್ತು. ಅವಳಿಗೆ ನಗು ಬಂತು, ನಗು ಬಂದದ್ದಕ್ಕೆ ಸಿಟ್ಟೂ ಬಂತು.

ನೀರು ಸೋರುವುದು ನಿಂತಿತು. ಫಿಲ್ಟರ್ ಸತ್ತುಹೋಗಿದೆ, ನಾಳೆ ಹೊಸದು ತರುತ್ತೇನೆ ಎಂದು ಹೇಳಿ ಅವನು ಹೊರಟ.

ಸಂಜೆ ಚಿಕ್ಕಮ್ಮ ಫೋನ್ ಮಾಡಿದಳು. ಅವಳನ್ನು ಎತ್ತಿ ಆಡಿಸಿದ ಚಿಕ್ಕಮ್ಮ, ಮೂವತ್ತೊಂದಾದರೂ ಇವಳಿಗೆ ಒಂದು ಜೊತೆ ಸಿಗಲಿಲ್ಲವಲ್ಲ ಎಂದು ನಿದ್ದೆಗೆಟ್ಟವಳು. ಹುಡುಗನಿಗೆ ನೀನು ಹಿಡಿಸಿದ್ದೀಯಂತೆ, ನಿನಗೆ ಹೇಗನ್ನಿಸಿದ ಎಂದು ಕೇಳಿದಳು. ಯಾವ ಹುಡುಗ ಎಂದಳು ಇವಳು. ಬೆಳಿಗ್ಗೆ ಹತ್ತಕ್ಕೆ ಬಂದಿದ್ದನಲ್ಲ, ಎರಡು ಗಂಟೆ ಇದ್ದನಂತಲ್ಲ, ಕಳಿಸುತ್ತೇನೆ ಎಂದು ಮೆಸೇಜ್ ಹಾಕಿದ್ದೆನಲ್ಲ ಎಂದಳು ಚಿಕ್ಕಮ್ಮ. ಯಾರೂ ಬಂದಿರಲಿಲ್ಲ, ಎಸಿ ಮೆಕ್ಯಾನಿಕ್ ಒಬ್ಬನೇ ಬಂದಿದ್ದ ಎಂದು ಇವಳು ಆಣೆ ಇಟ್ಟಳು. ನಿನಗೆ ಇಷ್ಟವಿಲ್ಲದಿದ್ದರೆ ನೆಟ್ಟಗೆ ಹೇಳು, ಹಾಡಹಗಲೇ ಸುಳ್ಳು ಹೇಳಬೇಡ ಎಂದು ಚಿಕ್ಕಮ್ಮ ಫೋನ್ ಇಟ್ಟುಬಿಟ್ಟಳು. ಚಿಕ್ಕಮ್ಮನ ಮೆಸೇಜುಗಳನ್ನು ಓದುವ ಅಭ್ಯಾಸ ಅವಳಿಗಿರಲಿಲ್ಲ. ತಪ್ಪು ಅಲ್ಲೇ ಆಗಿತ್ತು.

ಮಂಗಳವಾರ ಅವನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದಪ್ಪನೆಯ ಫಿಲ್ಟರ್ ತಂದು ಕೂರಿಸುತ್ತಿದ್ದ. ಆಗ ಎಣ್ಣೆ ಮೆತ್ತಿದ ಚೀಲ ಹೆಗಲಿಗೆ ಹಾಕಿಕೊಂಡು ಇನ್ನೊಬ್ಬ ಬಂದ. ಮೇಡಂ, ನಾನು ಎಸಿಯವನು, ನಿನ್ನೆ ಗಾಡಿ ಪಂಕ್ಚರ್ ಆಗಿತ್ತು ಎಂದ. ಅವಳು ಅವನನ್ನು ನೋಡಿದಳು, ಆಮೇಲೆ ಏಣಿಯ ಮೇಲಿದ್ದವನನ್ನು ನೋಡಿದಳು. ಒರೆಸಪ್ಪ ಕೊನೆಯ ಸ್ಕ್ರೂವನ್ನು ಅಗತ್ಯಕ್ಕಿಂತ ನಿಧಾನವಾಗಿ ತಿರುಗಿಸುತ್ತಿದ್ದ.

ಅವಳ ಮೈಯೆಲ್ಲ ಉರಿದುಹೋಯಿತು. ಮೆಕ್ಯಾನಿಕ್‌ನನ್ನು ಸಾಗಹಾಕಿ, ಇಳಿಯಿರಿ ಕೆಳಗೆ ಎಂದಳು. ಇಳಿದ. ನೀವ್ಯಾರು ಎಂದು ಕೇಳಿದಳು, ಯಾರೆಂದು ಗೊತ್ತಾಗಿದ್ದರೂ. ನಿಮ್ಮ ಚಿಕ್ಕಮ್ಮ ಕಳಿಸಿದ್ದರು ಎಂದು ಅವನು ತನ್ನ ಬೂಟಿಗೆ ಹೇಳಿದ. ಔಷಧಿ ಕಾರ್ಖಾನೆಯಲ್ಲಿ ಕೆಲಸ, ಇಂಜೆಕ್ಷನ್ ತುಂಬುವ ಕೋಣೆಯ ಗಾಳಿ ಶುದ್ಧವಾಗಿಡುವುದು ತನ್ನ ಜವಾಬ್ದಾರಿ, ಎರಡರ ನಂತರದ ಪಾಳಿ, ಬೆಳಿಗ್ಗೆಯೆಲ್ಲ ಬಿಡುವು ಎಂದ. ಹೆಣ್ಣು ನೋಡಲು ಬಂದವನು ಡಕ್ಟ್ ನೋಡಿಕೊಂಡು ಕೂತನಲ್ಲ, ಇವನಿಗೆ ಏನು ಹೇಳುವುದು. ಎರಡು ದಿನ ಬಾಯಿಗೆ ಬಂದಂತೆ ಬೈದಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಇನ್ನಷ್ಟು ಬೈಯುವುದು ಅವಳ ಸ್ವಭಾವ. ಬೈದಳು. ಅವನು ಪೂರ್ತಿ ಕೇಳಿಸಿಕೊಂಡು, ನಾಳೆ ಬಂದು ಫಿಲ್ಟರ್ ಸರಿಯಾಗಿ ಕೂತಿದೆಯಾ ನೋಡಿಕೊಂಡು ಹೋಗಲೇ ಎಂದ. ಅವಳು ಬೇಡ ಎನ್ನಬೇಕಿತ್ತು. ಯಾಕೋ ಅನ್ನಲಿಲ್ಲ.

ಬುಧವಾರ ಮೋಡ ಕಟ್ಟಲಿಲ್ಲ.

ಮೊದಲ ಷೋನಲ್ಲಿ ಪಂಪ್ ಎಂದಿನಂತೆ ಗುರುಗುಟ್ಟಿತು, ವಾಲ್ವ್ ಬುಸ್ಸೆಂದಿತು, ಪೆಟ್ಟಿಗೆ ಖಾಲಿಯೇ ಉಳಿಯಿತು. ಗಾಜಿನ ಒಳಮೈ ಮಾತ್ರ ಬೆವರಿ ಹನಿಗಳು ಇಳಿದವು. ಮಕ್ಕಳು ಕಾದರು. ಒಬ್ಬ ಹುಡುಗಿ, ಅಕ್ಕಾ, ನಿಮ್ಮ ಮೋಡಕ್ಕೆ ಇವತ್ತು ರಜೆನಾ ಎಂದು ಕೇಳಿದಳು. ಎರಡನೇ ಷೋ, ಮೂರನೇ ಷೋ, ಅದೇ ಹಣೆಬರಹ. ಅವಳು ಥರ್ಮಾಮೀಟರ್ ಬದಲಿಸಿದಳು, ನೀರಿನ ತಟ್ಟೆಗಳನ್ನು ಬಿಸಿ ಮಾಡಿದಳು, ವಾಲ್ವ್ ಬಿಚ್ಚಿ ಜೋಡಿಸಿದಳು. ಆವಿ ಇತ್ತು, ತಂಪು ಇತ್ತು, ಮೋಡ ಮಾತ್ರ ಇಲ್ಲ.

ಗುರುವಾರವೂ ಇಲ್ಲ. ಒರೆಸಪ್ಪ ಎರಡೂ ದಿನ ಬೆಳಿಗ್ಗೆ ಬಂದು ಹಿಂದಿನ ಬೆಂಚಿನ ಮೇಲೆ ಕೂತಿದ್ದ. ಪಂಪಿನ ರಬ್ಬರ್ ನೋಡಲೇ ಎಂದು ಕೇಳಿ ನೋಡಿದ, ಸರಿಯಾಗಿತ್ತು. ಬೆವರಿದ ಗಾಜನ್ನು ಒರೆಸಿದ. ಅವಳಿಗೆ ಟೀ ತಂದುಕೊಟ್ಟ, ಕಪ್ಪಿನ ಅಂಚು ಒರೆಸಿ. ಅವಳು ಟೀ ಕುಡಿಯುವಾಗ ಅವನು ಅವಳ ಬೆರಳುಗಳ ಮೇಲಿನ ಗ್ರೀಸ್ ಕಡೆ ಒಮ್ಮೆ ನೋಡಿದ, ಕರ್ಚೀಫಿನ ಕಡೆ ಒಮ್ಮೆ ನೋಡಿದ, ಮತ್ತೆ ಬೆರಳು ನೋಡಿದ. ಪಾಪ, ಧೈರ್ಯ ಸಾಲಲಿಲ್ಲ. ಬೇರೆ ದಿನವಾಗಿದ್ದರೆ ಅವಳೇ ಕೈ ಚಾಚುತ್ತಿದ್ದಳೇನೋ. ಅದೇ ಹೊತ್ತಿಗೆ ನಿರ್ದೇಶಕರು ಒಬ್ಬ ಬಡಗಿಯೊಂದಿಗೆ ಬಂದು, ಅವಳ ಕಣ್ಣೆದುರೇ ಗೊಂಬೆಯ ಕಪಾಟಿಗೆ ಗೋಡೆಯ ಅಳತೆ ತೆಗೆಸಿದರು.

ಅವರು ಹೋದ ಮೇಲೆ ಅವಳ ಸಿಟ್ಟೆಲ್ಲ ಹತ್ತಿರ ಇದ್ದವನ ಮೇಲೆ ಇಳಿಯಿತು. "ನೀವು ಕಾಲಿಟ್ಟ ದಿನದಿಂದ ಇದು ಕೆಟ್ಟಿದೆ. ದಯವಿಟ್ಟು ನಾಳೆ ಬರ್ಬೇಡಿ."

ಅವನು ಕಪ್ ಎತ್ತಿಕೊಂಡು ಹೋದ. ಅವನು ಹೋದ ದಾರಿಯನ್ನು ಅವಳು ಸುಮಾರು ಹೊತ್ತು ನೋಡಿದಳು. ಮನೆಗೆ ಹೋಗಿ ಊಟ ಬಿಟ್ಟಳು. ಮೋಡಕ್ಕಾಗಿ ಬಿಟ್ಟೆನೋ ಅವನಿಗಾಗಿ ಬಿಟ್ಟೆನೋ ಎಂದು ಗೊತ್ತಾಗದೆ ಇನ್ನಷ್ಟು ರೇಗಿತು.

ಶುಕ್ರವಾರ ಎಂಟಕ್ಕೇ ಬಂದು ಪಂಪು, ವಾಲ್ವು ಮತ್ತೊಮ್ಮೆ ಬಿಚ್ಚಿ ನೋಡುವಷ್ಟರಲ್ಲಿ ಒಂಬತ್ತೂವರೆ ಆಯಿತು. ಗಾಜಿನ ಮೂಲೆಯಲ್ಲೆಲ್ಲೋ ಕೂದಲೆಳೆಯ ಬಿರುಕು ಬಿಟ್ಟಿರಬಹುದು ಎಂದು ಅನುಮಾನ. ಕೋಣೆಯ ದೀಪ ಆರಿಸಿ, ದೊಡ್ಡ ಟಾರ್ಚ್ ಹಚ್ಚಿ ಪೆಟ್ಟಿಗೆಯತ್ತ ಹಿಡಿದಳು.

ಟಾರ್ಚಿನಿಂದ ಗಾಜಿನವರೆಗೆ ಬೆಳಕಿನ ಕೋಲು ನೆಟ್ಟಗೆ ಕಂಡಿತು. ಅದರಲ್ಲಿ ಧೂಳಿನ ಕಣಗಳು ಎಂದಿನಂತೆ ತೇಲುತ್ತಿದ್ದವು. ಗಾಜು ದಾಟಿದ ಕೂಡಲೇ ಕೋಲು ಮಾಯ. ಪೆಟ್ಟಿಗೆಯ ಆಚೆ ಬದಿಯಲ್ಲಿ ಮತ್ತೆ ಹುಟ್ಟಿ ಗೋಡೆಯವರೆಗೆ ಹೋಗಿತ್ತು. ನಡುವೆ ಕತ್ತಲೆ. ಬೆಳಕು ಬಡಿದು ಕಾಣಿಸಲು ಒಳಗೆ ಒಂದು ಕಣವೂ ಇರಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹನಿಗೆ ಕೂತುಕೊಳ್ಳಲು ಜಾಗ ಬೇಕು ಎಂದು ಆರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಹೇಳಿದ್ದಾಳೆ. ಬುಧವಾರ ಹೇಳಿದಳು, ಗುರುವಾರ ಹೇಳಿದಳು, ಹೇಳಿ ಮುಗಿಸಿ ವಾಲ್ವ್ ಬಿಚ್ಚಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಇನ್ನು ಅವನು. ಅವನೂ ಬೆಳಗಿನ ಷೋಗಳಲ್ಲೆಲ್ಲ ಕೂತು ಕೇಳಿದ್ದನಲ್ಲ.

ಫೋನ್ ತೆಗೆದು, ಚಿಕ್ಕಮ್ಮನ ಓದದ ಮೆಸೇಜಿನಲ್ಲಿದ್ದ ಅವನ ನಂಬರ್ ಹುಡುಕಿ ಒತ್ತಿದಳು. "ಬರ್ಬೇಡಿ ಅಂದಿದ್ದೆ. ಈಗ ಬನ್ನಿ, ಬೇಗ," ಎಂದಳು.

ಇಪ್ಪತ್ತು ನಿಮಿಷದಲ್ಲಿ ಬಂದ, ಉಸಿರು ಬಿಡುತ್ತ. ಆ ಫಿಲ್ಟರ್ ಎಲ್ಲಿಯದು ಎಂದು ಕೇಳಿದಳು. ಕಾರ್ಖಾನೆಯದ್ದು, ಮೇಲಿನವರನ್ನು ಕೇಳಿಯೇ ತಂದದ್ದು, ಇಂಜೆಕ್ಷನ್ ಕೋಣೆಗೆ ಹಾಕುವಂಥದ್ದು, ಹೊಗೆಯ ಕಣವೂ ದಾಟುವುದಿಲ್ಲ ಎಂದು ಹೇಳುವಾಗ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಅವಳು ಟಾರ್ಚ್ ಹಚ್ಚಿ ತೋರಿಸಿದಳು. ಅವನು ನೋಡಿದ. ಹೆಮ್ಮೆ ಇಳಿಯಿತು, ಬಣ್ಣವೂ ಇಳಿಯಿತು.

"ಮೂರು ದಿನದಿಂದ ಆ ಡಕ್ಟ್ ಒಳಗಿನ ಗಾಳೀನ ಸುತ್ತಿಸಿ ಸುತ್ತಿಸಿ ಸೋಸಿದೆ. ಇಡೀ ಊರಲ್ಲಿ ಇಷ್ಟು ಶುದ್ಧವಾದ ಗಾಳಿ ಇನ್ನೆಲ್ಲೂ ಇಲ್ಲ. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ ಹೇಳಿ. ಯಾರು ಕೇಳಿದ್ರು ನಿಮ್ಮನ್ನ?"

"ಯಾರೂ ಕೇಳ್ಲಿಲ್ಲ. ಸೋಮವಾರ ಷೋ ಮಧ್ಯೆ ಮಧ್ಯೆ ನೀವು ಕೆಮ್ತಿದ್ರಿ. ಮಕ್ಕಳಿಗೆ ಕೇಳಿಸ್ಬಾರ್ದು ಅಂತ ಗೋಡೆ ಕಡೆ ತಿರುಗಿ ಕೆಮ್ತಿದ್ರಿ. ಆ ಹಳೇ ಫಿಲ್ಟರ್ ತುಂಬ ಬೂಷ್ಟು ಹಿಡಿದಿತ್ತು. ಒಳ್ಳೇದು ಹಾಕಿದ್ರೆ ನಿಲ್ಲುತ್ತೇನೋ ಅಂತ."

ಆರು ವರ್ಷದಲ್ಲಿ ಅವಳು ಕೆಮ್ಮಿದ್ದನ್ನು ಯಾರೂ ಗಮನಿಸಿರಲಿಲ್ಲ, ಅವಳಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಮೂರು ದಿನದಿಂದ ಕೆಮ್ಮು ಬಂದಿಲ್ಲ ಎಂಬುದೂ ಆಗಲೇ ಹೊಳೆದದ್ದು. ಅಳುವುದಕ್ಕೆ ಇದು ಹೊತ್ತಲ್ಲ ಎಂದು ತನ್ನನ್ನು ತಾನೇ ಗದರಿಕೊಂಡಳು. ಗಡಿಯಾರ ಹತ್ತು ಹತ್ತು ತೋರಿಸುತ್ತಿತ್ತು.

ಧೂಳು ಬೇಕು ಎಂದಳು. ಎಷ್ಟು ಎಂದು ಅವನು ಕೇಳಿದ. ಎಷ್ಟಾದರೂ ಸರಿ, ಎಲ್ಲಿಂದಾದರೂ ಸರಿ. ಜೀವಮಾನವಿಡೀ ಧೂಳಿನ ಮೇಲೆ ಯುದ್ಧ ಸಾರಿದ ಮನುಷ್ಯ ಒಂದು ಕ್ಷಣ ತಬ್ಬಿಬ್ಬಾಗಿ ನಿಂತ. ಆಮೇಲೆ ಮೆಟ್ಟಿಲಿಳಿದು ಓಡಿ, ಮುಖ್ಯ ಬಾಗಿಲಿನ ಕಾಲೊರಸನ್ನು ಹೊತ್ತು ತಂದ. ದಿನಕ್ಕೆ ನೂರಾರು ಮಕ್ಕಳು ತುಳಿಯುವ ಕಾಲೊರಸು. ಅವಳು ಡಕ್ಟ್‌ನ ಫ್ಯಾನ್ ನಿಲ್ಲಿಸಿ ಗಾಜಿನ ಬಾಗಿಲು ತೆರೆದಳು. ಅವನು ಒಳಗೆ ಹೋಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬಿಳಿ ಷರ್ಟಿನಲ್ಲೇ ಅದನ್ನು ಒದರಿದ. ಮತ್ತೂ ಒದರಿದ. ಸಾಕು ಎಂದು ಅವಳು ಎರಡು ಸಲ ಹೇಳಬೇಕಾಯಿತು. ಆಚೆ ಬಂದಾಗ ಅವನ ಹುಬ್ಬಿನ ಮೇಲೂ ಮಣ್ಣಿತ್ತು. ಅವಳಿಗೆ ಆ ಮುಖ ತುಂಬ ಇಷ್ಟವಾಯಿತು, ತಡೆಯಲಾಗದಷ್ಟು.

ಬಾಗಿಲು ಮುಚ್ಚಿ ಪಂಪ್ ಹಾಕಿದಳು. ಅವಳು ಈ ಬದಿ, ಅವನು ಗಾಜಿನ ಆ ಬದಿ. ವಾಲ್ವ್ ಎಳೆದಳು.

ಮೋಡ ಎದ್ದಿತು. ಹಿಂದೆಂದೂ ಕಾಣದಷ್ಟು ದಟ್ಟವಾಗಿ ಎದ್ದಿತು. ಅವನ ಬೂಟು ಹೋಯಿತು, ಷರ್ಟು ಹೋಯಿತು, ಕೊನೆಗೆ ಹುಬ್ಬಿನ ಮಣ್ಣೂ ಮರೆಯಾಯಿತು. ಅವಳು ಗಾಜಿಗೆ ಹಣೆ ಒತ್ತಿ ನಿಂತಳು. ಆಚೆಯಿಂದ ಅವನ ದನಿ ಬಂತು.

"ಈಗ ನಾನು ಕಾಣ್ತಿದೀನಾ?"

"ಇಲ್ಲ."

"ಹಾಗಾದ್ರೆ ಹೇಳ್ಬಿಡ್ತೀನಿ. ನಾನು ಮೆಕ್ಯಾನಿಕ್ ಅಲ್ಲ ಅಂತ ಸೋಮವಾರವೇ ಹೇಳ್ಬಹುದಿತ್ತು. ಹೇಳಿದ್ರೆ ನೀವು ಕುರ್ಚಿ ಹಾಕಿ ಕೂರಿಸಿ, ಮರ್ಯಾದೆಯಾಗಿ ಮಾತಾಡಿಸಿ, ಹತ್ತು ನಿಮಿಷಕ್ಕೆ ಕಳಿಸ್ತಿದ್ರಿ. ಬೈಸ್ಕೊಂಡ್ರೆ ಎರಡು ಗಂಟೆ ಇರ್ಬಹುದಿತ್ತು. ನನಗೆ ಎರಡು ಗಂಟೇನೂ ಸಾಲ್ಲಿಲ್ಲ."

ಮೋಡ ಕರಗತೊಡಗಿತು, ಅವನ ಕಣ್ಣು ಮೊದಲು ಕಂಡವು. ಅವು ನೇರ ಅವಳನ್ನೇ ನೋಡುತ್ತಿದ್ದವು, ಈ ಸಲ ಡಕ್ಟ್ ಕಡೆ ಓಡಲಿಲ್ಲ. ಅವಳು ಬಾಯಿ ತೆರೆದಳು. ಆಗಲೇ ಬಾಗಿಲಲ್ಲಿ ನಿರ್ದೇಶಕರ ಕೆಮ್ಮು ಕೇಳಿಸಿತು. ಹನ್ನೊಂದು ಎಂದಿದ್ದ ಸಮಿತಿ ಹತ್ತೂವರೆಗೇ ಬಂದಿತ್ತು. ಹೇಳಿದ ಹೊತ್ತಿಗೆ ಬರುವವರು ಈ ಜಗತ್ತಿನಲ್ಲಿ ಯಾರೂ ಇಲ್ಲವೇ ಎಂದು ಅವಳಿಗನ್ನಿಸಿತು.

ಸಮಿತಿ ಎಂದರೆ ಮೂವರು. ಅವರಲ್ಲಿ ಹಿರಿಯರು ನಿವೃತ್ತ ಹೆಡ್‌ಮಿಸ್, ಕೋಲೂರಿ ನಡೆಯುವ ಅಜ್ಜಿ. ಅವಳು ಎಂದಿನ ಪಾಠವನ್ನು ಮಾತು ಒಂದೂ ತಪ್ಪದೆ ಹೇಳಿ ವಾಲ್ವ್ ಎಳೆದಳು. ಮೋಡ ಎದ್ದಿತು. ಅಜ್ಜಿ ಗಾಜಿನ ಹತ್ತಿರ ಹೋಗಿ ಮಕ್ಕಳ ಹಾಗೆ ಮೂಗು ಒತ್ತಿ ನೋಡಿದರು. ಹಾಗಾದರೆ ಎರಡು ದಿನ ಯಾಕೆ ಕಟ್ಟಲಿಲ್ಲ ಎಂದು ನಿರ್ದೇಶಕರು ಬಿಡದೆ ಕೇಳಿದರು. ಗೋಡೆಗೆ ಒತ್ತಿ ನಿಂತಿದ್ದ ಒರೆಸಪ್ಪ ಮುಂದೆ ಬಂದು, ತಪ್ಪು ನನ್ನದು ಎಂದು ಶುರು ಮಾಡಿದ. ಅವಳು ಅವನನ್ನು ತಡೆದು, ಟಾರ್ಚ್ ಹಚ್ಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅಜ್ಜಿ ಪೂರ್ತಿ ಕೇಳಿ, ಮೋಡ ಕೆಟ್ಟ ಕಥೆಯನ್ನೂ ಮಕ್ಕಳಿಗೆ ತೋರಿಸಿ ಎಂದರು. ಮೊದಲು ಶುದ್ಧ ಗಾಳಿ, ಮೋಡವಿಲ್ಲ. ಆಮೇಲೆ ಧೂಳು, ಮೋಡ. ಎರಡೂ ನೋಡಿದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಗೊಂಬೆ ಅಂಗಡಿಯನ್ನು ಬೇಕಾದರೆ ನಿಮ್ಮ ಕೋಣೆಯಲ್ಲಿ ಹಾಕಿಕೊಳ್ಳಿ ಎಂದು ನಿರ್ದೇಶಕರಿಗೆ ಹೇಳಿ, ಕೋಲೂರಿಕೊಂಡು ಹೊರಟರು. ನಿರ್ದೇಶಕರು ಅವರ ಹಿಂದೆಯೇ ಸಮಜಾಯಿಷಿ ಹೇಳುತ್ತ ಓಡಿದರು.

ಕೋಣೆ ಉಳಿಯಿತು. ಅವಳು ಬೆಂಚಿನ ಮೇಲೆ ಕೂತಳು. ಅವನೋ ಮತ್ತೆ ಏಣಿ ಹತ್ತಿ ಫಿಲ್ಟರ್ ಬಿಚ್ಚುತ್ತಿದ್ದ. ಮೋಡದ ಆಚೆಯಿಂದ ಅಷ್ಟೆಲ್ಲ ಹೇಳಿದವನು ಈಗ ತುಟಿ ಬಿಚ್ಚಲೊಲ್ಲ. ಫಿಲ್ಟರ್ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಇಲ್ಲಿಗೆ ಸಾಧಾರಣ ಜಾಲರಿಯೊಂದನ್ನೂ, ಅಜ್ಜಿ ಹೇಳಿದ ಷೋಗೆ ಹಾಕಿ ತೆಗೆಯುವಂಥ ಚಿಕ್ಕ ಫಿಲ್ಟರೊಂದನ್ನೂ ನಾಳೆ ತರುತ್ತೇನೆ ಎಂದ. ಇದನ್ನು ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ಒಮ್ಮೆ ಬಳಸಿದ್ದನ್ನು ಕಾರ್ಖಾನೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಎಸೆಯಬೇಕು ಎಂದ, ಅವಳ ಕಡೆ ನೋಡದೆ.

"ಎಸೀಬೇಡಿ. ನಿಮ್ಮ ಮನೇಗೆ ಹಾಕಿ. ಕೆಮ್ಮೋಳು ಅಲ್ಲಿಗೇ ಬರ್ತಾಳೆ."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಮನೆಯಲ್ಲಿ ಡಕ್ಟ್ ಇಲ್ಲ, ಇಷ್ಟು ದಪ್ಪದ ಫಿಲ್ಟರ್ ದಾಟಿ ಗಾಳಿ ತಳ್ಳಲು ಸಾಧಾರಣ ಫ್ಯಾನಿಗೆ ಶಕ್ತಿ ಸಾಲದು, ಬೇರೆ ಮೋಟರ್ ಕೂರಿಸಬೇಕಾಗುತ್ತದೆ ಎಂದು ವಿವರಿಸತೊಡಗಿದ. ಅವಳು ಕಣ್ಣು ಮುಚ್ಚಿಕೊಂಡಳು. ಈ ಮನುಷ್ಯನ ಜೊತೆ ನಲವತ್ತು ವರ್ಷ ಎಂದು ಲೆಕ್ಕ ಹಾಕಿದಳು. ತಲೆ ಚಿಟ್ಟುಹಿಡಿಯುವುದು ಖಂಡಿತ, ಆದರೂ ಒಂದು ವರ್ಷವನ್ನೂ ಬಿಟ್ಟುಕೊಡುವ ಮನಸ್ಸಾಗಲಿಲ್ಲ.

"ರೀ," ಎಂದಳು. "ನಾನು ಹೇಳಿದ್ದು ಇನ್ನೊಂದು ಸಲ ಕೇಳಿಸ್ಕೊಳ್ಳಿ."

ಮೋಟರಿನ ಮಾತು ನಡುವೆಯೇ ನಿಂತಿತು. ಅವನ ಮುಖದಲ್ಲಿ ಅರ್ಥವು ನಿಧಾನವಾಗಿ, ಬಹಳ ನಿಧಾನವಾಗಿ ಹರಡುವುದನ್ನು ಅವಳು ಕೂತು ನೋಡಿದಳು. ಫಿಲ್ಟರನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಅವುಚಿಕೊಂಡು ನಿಂತ. ನಿಜವಾಗ್ಲೂನಾ ಎಂದು ಕೇಳಿದ. ಹೌದು ಎಂದಳು. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೌದು ಎಂದಳು, ಸ್ವಲ್ಪ ಜೋರಾಗಿ. ಮೂರನೇ ಸಲ ಕೇಳಿದರೆ ಉತ್ತರ ಬದಲಾಗಬಹುದು ಎಂದೂ ಸೇರಿಸಿದಳು.

ಆಮೇಲೆ ಅವಳು ತನ್ನ ಫೋನ್ ಅವನ ಕೈಗೆ ಕೊಟ್ಟು, ಚಿಕ್ಕಮ್ಮನಿಗೆ ನೀವೇ ಹೇಳಿ, ನಾನು ಹೇಳಿದರೆ ಆಕೆ ನಂಬುವುದಿಲ್ಲ ಎಂದಳು. ಅವನು ಮೊದಲು ಫೋನನ್ನು ಒರೆಸಿದ, ಆಮೇಲೆ ನಂಬರ್ ಒತ್ತಿದ. ಅವಳು ಪಕ್ಕದಲ್ಲಿ ನಿಂತು ಅವನ ಇನ್ನೊಂದು ಕೈ ಹಿಡಿದುಕೊಂಡಳು. ಆ ಕಡೆ ಫೋನ್ ರಿಂಗಾಗುತ್ತಲೇ ಇತ್ತು, ಚಿಕ್ಕಮ್ಮ ಎತ್ತಲೇ ಇಲ್ಲ. ಇಬ್ಬರಿಗೂ ಅವಸರವಿರಲಿಲ್ಲ.